1/21 ಸಿಕ್ಕಿತು! (ಕೆನ್ಸಿಂಗ್ಟನ್ ಮನೆ, ಕಂತು 9)

ನಾವು ಹಿಂದೆ ಬಾಡಿಗೆಗಿದ್ದ ಹಳೇ ಮನೆ ಯಾರಿಂದ ಯಾರಿಗೆ ಹೋಯಿತು ಎಂದು ಹಳೇ ಪತ್ರಗಳಲ್ಲಿ ಹುಡುಕುವುದು ನನ್ನ ಹವ್ಯಾಸ. ಅದರಲ್ಲಿ ಹದಿನಾಲ್ಕು ತಿಂಗಳು ನಿದ್ದೆ ಕೆಡಿಸಿದ ಒಂದು ಪಾಲು, 1/21, ನಿನ್ನೆ ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಯಾರ ಪಾಲು, ನಮ್ಮದಾ?" ಅಂದಳು. ಅಲ್ಲ, ಹಡಗಿನ ಬಡಗಿಯ ಮೊಮ್ಮಗನದು ಅಂದೆ. ಮಗ್ಗುಲು ಬದಲಿಸಿ ಮಲಗಿದಳು. ಅದಕ್ಕೇ ಇದನ್ನೆಲ್ಲ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಅಮೆರಿಕದ ಫಿಲಡೆಲ್ಫಿಯಾದ ಹಳೇ ಕೆನ್ಸಿಂಗ್ಟನ್‌ನಲ್ಲಿ ನಾವು ಬಾಡಿಗೆಗಿದ್ದ, 16 ಅಡಿ ಅಗಲದ ಇಟ್ಟಿಗೆ ಮನೆ ನಿಮಗೆ ನೆನಪಿರಬೇಕು. ಕಟ್ಟಿಸಿದವನು ಹಡಗುಕಟ್ಟೆಯ ಬಡಗಿ. ವಂಶದವರು ಈಗಲೂ ಇರುವುದರಿಂದ ಹೆಸರು ಬರೆಯುವುದಿಲ್ಲ, ಯಜಮಾನ ಅನ್ನೋಣ. 1850ರ ದಶಕದ ಶುರುವಿನಲ್ಲಿ ಉಯಿಲು ಬರೆಯದೆ ಸತ್ತ. ಏಳು ಮಕ್ಕಳು, ಮ1ರಿಂದ ಮ7. ಪತ್ರಗಳ ನಕಲು ಇಡುವ ಡೀಡ್ ಬುಕ್ಕು, ಅದರ ಮೇಲಿನ ನೋಂದಣಿ ಅಧಿಕಾರಿಯ ಇನಿಷಿಯಲ್ಲು, 1857ರಲ್ಲಿ ಬದಲಾದ ಮನೆ ನಂಬರು, ಇವೆಲ್ಲ ಹಳೇ ಕಂತುಗಳಲ್ಲಿ ಮುಗಿದ ಕಥೆ. ನೇರ ಲೆಕ್ಕಕ್ಕೆ ಬರುತ್ತೇನೆ.

ಪೆನ್ಸಿಲ್ವೇನಿಯಾದ 1833ರ ಕಾಯ್ದೆಯಲ್ಲಿ ಹಿರಿಮಗನಿಗೆ ಅಂತ ಹೆಚ್ಚಿನ ಪಾಲಿಲ್ಲ. ಗಂಡು ಹೆಣ್ಣು ಎಲ್ಲರಿಗೂ ಸಮ. ವಿಧವೆಗೆ ಮೂರನೇ ಒಂದು ಭಾಗ, ಅದೂ ಅವಳು ಬದುಕಿರುವ ತನಕ. ನಮ್ಮ ಯಜಮಾನನ ಹೆಂಡತಿ ಮಕ್ಕಳ ನಡುವೆ ಪಾಲಿನ ಪತ್ರಗಳಾಗುವ ಹೊತ್ತಿಗೆ ತೀರಿಕೊಂಡಿದ್ದರಿಂದ ಒಂದು ತಲೆನೋವು ಕಡಿಮೆ. (ಅಜ್ಜಿ, ಕ್ಷಮಿಸಿ.) ತಲೆಗೆ 1/7. ಮ4 ಮಾತ್ರ ಅಪ್ಪನಿಗಿಂತ ಮೊದಲೇ ಹೋದವಳು, ಅವಳ 1/7 ಅವಳ ಮೂವರು ಮಕ್ಕಳಿಗೆ 1/21ರಂತೆ ಹರಿಯಿತು. ಮನೆಯಲ್ಲೇ ಉಳಿದ ಮ5 ಒಬ್ಬೊಬ್ಬರಿಂದಲೂ ಪಾಲು ಬಿಡಿಸಿಕೊಂಡ. ತನ್ನದು 3/21. ಒಡಹುಟ್ಟಿದ ಐವರದು 15/21. ಮ4ಳ ದೊಡ್ಡ ಮಕ್ಕಳಿಬ್ಬರದು 2/21. ಕೂಡಿದರೆ 20/21. ಆದರೆ ಹತ್ತು ವರ್ಷದ ನಂತರ ಅದೇ ಮ5 ಇಡೀ ಮನೆಯನ್ನು, 21/21ನ್ನು, ಏನೂ ಆಗದವನಂತೆ ಮಾರುತ್ತಾನೆ. ಆ ಕ್ರಯಪತ್ರದಲ್ಲಿ ತನಗೆ ಆಸ್ತಿ ಹೇಗೆ ಬಂತು ಅನ್ನುವ ಕಡೆ "ಮಿಕ್ಕ ವಾರಸುದಾರರೆಲ್ಲ ನಾನಾ ಪತ್ರಗಳ ಮೂಲಕ" ಎಂದಷ್ಟೇ ಇದೆ. ಆ "ನಾನಾ" ಬರೆದ ವಕೀಲನನ್ನು ಹದಿನಾಲ್ಕು ತಿಂಗಳಿಂದ ದಿನಾ ನೆನೆಸಿಕೊಂಡಿದ್ದೇನೆ.

ಇವರು ವಿಭಾಗಕ್ಕೆ ಕೋರ್ಟಿಗೆ ಹೋಗಿದ್ದರೆ ಎಲ್ಲವೂ ಒಂದೇ ಕಡತದಲ್ಲಿ ಸಿಗುತ್ತಿತ್ತು. 16 ಅಡಿಯನ್ನು ಏಳು ಜನಕ್ಕೆ ಸೀಳಿದರೆ ತಲೆಗೆ ಎರಡು ಅಡಿ ಮೂರೂವರೆ ಅಂಗುಲ, ಬಾಗಿಲು ಒಬ್ಬರಿಗೆ, ಮೆಟ್ಟಿಲು ಇನ್ನೊಬ್ಬರಿಗೆ! ಅಂಥ ಕಡೆ ಸತ್ತವರ ಆಸ್ತಿ, ಮೈನರುಗಳ ವಿಷಯ ನೋಡುವ ಆರ್ಫನ್ಸ್ ಕೋರ್ಟು ಮನೆಗೆ ಬೆಲೆ ಕಟ್ಟಿಸಿ, ವಾರಸುದಾರರನ್ನು ಸರದಿಯಲ್ಲಿ ಕರೆದು, ಒಪ್ಪಿದವನಿಗೆ ಇಡಿಯಾಗಿ ಕೊಟ್ಟು, ಉಳಿದವರಿಗೆ ಅವನಿಂದ ದುಡ್ಡು ಕೊಡಿಸುತ್ತಿತ್ತು. ನಮ್ಮವರು ಜಗಳವಾಡದೆ ಹಕ್ಕು ಬಿಡುಗಡೆ ಪತ್ರ ಬರೆದುಕೊಂಡರು. ಜಗಳಗಂಟ ಕುಟುಂಬ ಸಿಗಲಿ ಅಂತ ಹರಕೆ ಹೊರುವ ಹವ್ಯಾಸ ಬೇರೆ ಯಾವುದಿದೆ ಹೇಳಿ.

ಬಿಡುಗಡೆ ಪತ್ರಗಳನ್ನು ಓದುವುದು ಮಜಾ. ಮದುವೆಯಾದ ಅಕ್ಕತಂಗಿಯರ ಜತೆ ಗಂಡಂದಿರೂ ರುಜು ಹಾಕಿದ್ದಾರೆ. ವಿವಾಹಿತ ಹೆಂಗಸಿನ ಆಸ್ತಿ ಅವಳದೇ ಎಂದು 1848ರಲ್ಲಿ ಕಾಯ್ದೆ ಬಂದಿದ್ದರೂ ಗಂಡನ ರುಜು ತಪ್ಪಲಿಲ್ಲ. ಅದರ ಮೇಲೆ ಆಲ್ಡರ್‌ಮನ್, ಅಂದರೆ ಪತ್ರ ದೃಢೀಕರಿಸುವ ಅಧಿಕಾರಿ, ಆಕೆಯನ್ನು ಗಂಡನಿಂದ ಬೇರೆ ಕೂರಿಸಿ, ಗಂಡನ ಒತ್ತಾಯವಿಲ್ಲದೆ ಸ್ವಂತ ಮನಸ್ಸಿನಿಂದ ಕೊಡುತ್ತಿದ್ದೀಯಾ ಎಂದು ಕೇಳಿ ಷರಾ ಬರೆದಿದ್ದಾನೆ. ಮ2ಳ ರುಜುವಿನ ಜಾಗದಲ್ಲಿ ಗುಮಾಸ್ತ ಹೆಸರನ್ನು ಎರಡಾಗಿ ಒಡೆದು ನಡುವೆ ಇಂಟು ಗುರುತು ಹಾಕಿದ್ದಾನೆ. ಆಕೆಗೆ ಓದುಬರಹ ಬರುತ್ತಿರಲಿಲ್ಲ. ಪಕ್ಕದಲ್ಲಿ ಮೊಹರಿನ ಬದಲು ಶಾಯಿಯಲ್ಲೇ ಒಂದು ಸುರುಳಿ. ಮೊತ್ತ ಐದೂ ಪತ್ರದಲ್ಲಿ ಒಂದೇ: ಒಂದು ಡಾಲರ್. ನಿಜವಾಗಿ ಎಷ್ಟು ಕೈ ಬದಲಾಯಿತೋ ಅಣ್ಣತಮ್ಮಂದಿರಿಗೇ ಗೊತ್ತು.

ಪಾಲು ಕಾಣೆಯಾಗಿದ್ದ ಮೂರನೇ ಮೊಮ್ಮಗನ, ಅಂದರೆ ಮ4ಳ ಕೊನೆಯ ಮಗನ, ಹೆಸರಿನಲ್ಲಿ ಗ್ರಾಂಟರ್ ಸೂಚಿಯಲ್ಲಿ (ಆಸ್ತಿ ಬರೆದುಕೊಟ್ಟವರ ಹೆಸರಿನ ಪಟ್ಟಿ) ಏನೂ ಇಲ್ಲ. ಅವನು ಆಗ ಮೈನರ್, ರುಜು ಹಾಕುವಂತಿಲ್ಲ, ಪತ್ರ ಪೋಷಕನ ಹೆಸರಿನಲ್ಲಿರುತ್ತದೆ ಅನ್ನುವುದು ಹೊಳೆಯಲಿಕ್ಕೇ ನನಗೆ ಎರಡು ತಿಂಗಳು ಬೇಕಾಯಿತು. ಈ ದಡ್ಡತನವನ್ನು ಒಪ್ಪಿಕೊಂಡು ಆರ್ಫನ್ಸ್ ಕೋರ್ಟಿನ ಡಾಕೆಟ್, ಅಂದರೆ ಪ್ರಕರಣಗಳ ದಾಖಲೆ ಪುಸ್ತಕ, ಹಿಡಿದೆ. (ಅನಾಥರ ಕೋರ್ಟು ಅಂತ ಹೆಸರು. ಅಲ್ಲಿ ಅನಾಥರಿಗಿಂತ ಸತ್ತವರ ಆಸ್ತಿಯದೇ ಸಂತೆ.) ಪೋಷಕನ ನೇಮಕದ ಅರ್ಜಿ ಸಿಕ್ಕಿತು. ಪೋಷಕನ ಹೆಸರೂ ಸಿಕ್ಕಿತು. ನಿಜವಾದ ಹೆಸರು ಬೇಡ, ಅಂಥದ್ದೇ ಇನ್ನೊಂದನ್ನು ಹೇಳುತ್ತೇನೆ: "ರುಪೆಲ್" (Rupell).

ಆಮೇಲೆ ನಡೆದದ್ದು ವನವಾಸ. ಊರಿನವರ ಹೆಸರು ವಿಳಾಸಗಳಿರುವ ಮ್ಯಾಕೆಲ್ರಾಯ್ ಡೈರೆಕ್ಟರಿಗಳ ವರ್ಷವರ್ಷದ ಸಂಪುಟ ಜಾಲಾಡಿದೆ, ರುಪೆಲ್ ಇಲ್ಲ. 1850ರ ಜನಗಣತಿಯಲ್ಲಿ ಇಲ್ಲ. ಜರ್ಮನಿಯಿಂದ ಬಂದವನಿರಬೇಕು ಎಂದು ಹಡಗಿನ ಪ್ರಯಾಣಿಕರ ಪಟ್ಟಿಗಳಿಗೆ ಕೈ ಹಾಕಿ, ಮೂರು ವಾರ ಯಾವುದೋ ಒಬ್ಬ ರೂಪೆಲ್‌ನ ವಂಶವೃಕ್ಷವನ್ನೇ ಕಟ್ಟಿದೆ. ಅವನು ಫಿಲಡೆಲ್ಫಿಯಾ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ನಡುವೆ ದುಡ್ಡು ಕೊಟ್ಟು ನಕಲು ತರಿಸಿಕೊಳ್ಳುವ ಸಂಭ್ರಮ ಬೇರೆ. ಪುಟ 212 ಕೇಳಿದರೆ 221 ಬಂತು. ಮತ್ತೆ ದುಡ್ಡು ಕಟ್ಟಿದೆ, 212 ಬಂತು, ಆದರೆ ಕೆಳಗಿನ ಆರು ಸಾಲು ಮಾಯ. ಕೇಳಿದ್ದಕ್ಕೆ "ನಮ್ಮ ಸ್ಕ್ಯಾನರಿನ ಅಳತೆಯೇ ಅಷ್ಟು" ಅಂತ ಉತ್ತರ. ಅಲ್ಲಯ್ಯಾ, ಪುಸ್ತಕದ ಅಳತೆ ಮೊದಲು ಬಂದಿದ್ದಲ್ಲವಾ? ಹಳೇ ಕಾಗದ ಕೆಡದಂತೆ ಇಡಲು ಆಮ್ಲವಿಲ್ಲದ ಫೋಲ್ಡರು ಅಂತ ಮಾರಿದವನ ಫೋಲ್ಡರುಗಳು ತೆರೆದರೆ ಉಪ್ಪಿನಕಾಯಿ ಭರಣಿಯ ವಾಸನೆ. ಅವನ್ನು ಈಗ ಕರೆಂಟ್ ಬಿಲ್ಲಿಗೆ ಇಟ್ಟುಕೊಂಡಿದ್ದೇನೆ.

ನಿನ್ನೆ ರಾತ್ರಿ ಸುಮ್ಮನೆ ಅದೇ ಅರ್ಜಿಯನ್ನು ಹದಿನೈದನೇ ಸಲವೋ ಏನೋ ಓದುತ್ತಿದ್ದೆ. ಆಸ್ತಿಯ ವಿವರ ಶುರುವಾಗುವ ಕಡೆ, ಈ ಊರಿನ ಪತ್ರಗಳಲ್ಲಿ ಇದ್ದೇ ಇರುವ ಪದ, "ಮೆಸುವೇಜ್", ಅಂದರೆ ಮನೆ. ಅದರ ನಡುವಿನ ಎರಡು ಎಸ್‌ಗಳನ್ನು ಗುಮಾಸ್ತ ಹಳೇ ಕಾಲದವರ ಹಾಗೆ ಬರೆದಿದ್ದ: ಮೊದಲ ಎಸ್ ಗೆರೆಯಿಂದ ಕೆಳಕ್ಕೆ ಬಾಲ ಬಿಟ್ಟ ಉದ್ದನೆಯದು, ಎರಡನೆಯದು ಅದಕ್ಕೆ ಅಂಟಿಕೊಂಡ ಗಿಡ್ಡದು. ಎರಡೂ ಸೇರಿ ನೋಡಲಿಕ್ಕೆ ಥೇಟ್ ಒಂದು ಪಿ. ಈ ಪದವನ್ನು ನೂರಾರು ಸಲ ತಡವರಿಸದೆ ಓದಿದ್ದೇನೆ. "ಅಸೈನ್ಸ್" (ಹಕ್ಕು ವರ್ಗಾಯಿಸಿಕೊಂಡವರು) ಕೂಡ ಹಾಗೇ ಇರುತ್ತದೆ, ಅದನ್ನೂ ಸರಾಗ ಓದುತ್ತೇನೆ, ಯಾಕೆಂದರೆ ಅಲ್ಲಿ ಏನಿರಬೇಕೋ ಮೊದಲೇ ಗೊತ್ತು. ಹೆಸರಿನಲ್ಲಿ ಏನಿರಬೇಕೆಂದು ಗೊತ್ತಿರಲಿಲ್ಲ. ಕಣ್ಣು ಮೂರು ಸಾಲು ಮೇಲಕ್ಕೆ ಹೋಯಿತು. ರುಪೆಲ್. ಪಿ ಅಲ್ಲ. ಎಸ್, ಎಸ್. ರಸೆಲ್ (Russell)!

ಗ್ರಾಂಟರ್ ಸೂಚಿ ತೆರೆದೆ. ಐದು ನಿಮಿಷ. ಸೂಚಿ ಬರೆದವನು ಬೇರೆ ಗುಮಾಸ್ತ, ಎರಡೂ ಎಸ್‌ಗಳನ್ನು ಈಗಿನವರ ಹಾಗೆ ಗುಂಡಗೆ ಬರೆದಿದ್ದಾನೆ, ಎದುರಿಗೆ "ಪೋಷಕ" ಎಂದೂ ಇದೆ. ಆ ಪುಟವನ್ನು ಹಿಂದೆ ಎರಡು ಸಲ ನೋಡಿದ್ದೆ. ಪಕ್ಕದಲ್ಲಿ ನನ್ನದೇ ಟಿಪ್ಪಣಿ: "ರುಪೆಲ್ ಇಲ್ಲ."

ಪತ್ರ ಓದಿದ ಮೇಲೆ ಇನ್ನೊಂದು ಲಾಟರಿ ಹೊಡೆಯಿತು. ಮೈನರ್ ಪಾಲನ್ನು ಒಂದು ಡಾಲರಿಗೆ, ಪ್ರೀತಿ ವಿಶ್ವಾಸಕ್ಕೆ ಅಂತ ಬಿಟ್ಟುಕೊಡುವಂತಿಲ್ಲ. ಪೋಷಕ ಕೋರ್ಟಿನ ಅಪ್ಪಣೆ ಪಡೆದು, ಜಾಮೀನು ಕೊಟ್ಟು, ನಿಜವಾದ ಬೆಲೆಗೆ ಮಾರಬೇಕು. ಹಾಗಾಗಿ ಏಳು ಮಕ್ಕಳ ಈ ಸಂಸಾರದಲ್ಲಿ ಖರೇ ರೇಟು ಬರೆದಿರುವುದು ಈ ಹುಡುಗನ ಪತ್ರದಲ್ಲಿ ಮಾತ್ರ: 1/21ಕ್ಕೆ 90 ಡಾಲರ್. ಇಪ್ಪತ್ತೊಂದರಿಂದ ಗುಣಿಸಿ, ಮನೆಗೆ 1,890. ಎಲ್ಲರಿಗಿಂತ ಚಿಕ್ಕ ಪಾಲಿನವನು ಎಲ್ಲರ ಗುಟ್ಟು ಬಯಲು ಮಾಡಿದ.

ಅರ್ಜಿಯಲ್ಲಿ 1853ರ ಏಪ್ರಿಲ್ 18ರ ಕಾಯ್ದೆಯ ಉಲ್ಲೇಖ ಕಂಡು ಖುಷಿಯಾಯಿತು. ಮೈನರುಗಳ ಆಸ್ತಿಯಂಥ, ಕೈಕಾಲು ಕಟ್ಟಿಹಾಕಿದ ಆಸ್ತಿಗಳನ್ನು ಕೋರ್ಟಿನ ಮೂಲಕ ಮಾರಲು ದಾರಿ ಸಲೀಸು ಮಾಡಿದ ಕಾಯ್ದೆ ಅದು. ಕರಡು ಬರೆದ ವಕೀಲ ಈಲೈ ಕೆ. ಪ್ರೈಸ್, ಹಾಗಾಗಿ ಪ್ರೈಸ್ ಆ್ಯಕ್ಟ್ ಎಂದೇ ಹೆಸರು. ಮರುವರ್ಷ ಸುತ್ತಲ ಡಿಸ್ಟ್ರಿಕ್ಟುಗಳನ್ನೆಲ್ಲ ಫಿಲಡೆಲ್ಫಿಯಾಕ್ಕೆ ಸೇರಿಸಿದ ಕಾಯ್ದೆಯ ಹಿಂದೆ ನಿಂತವನೂ ಅವನೇ. ಎರಡು ಚದರ ಮೈಲಿಯಷ್ಟಿದ್ದ ಊರು ಸುಮಾರು 130 ಚದರ ಮೈಲಿಯಾಯಿತು, ಕೆನ್ಸಿಂಗ್ಟನ್ ಡಿಸ್ಟ್ರಿಕ್ಟ್ ಇಲ್ಲವಾಯಿತು. ನಮ್ಮ ಹುಡುಗನ ಪಾಲನ್ನೂ ಅವನ ಊರನ್ನೂ ಒಬ್ಬನೇ ವಕೀಲ ವಿಲೇವಾರಿ ಮಾಡಿದ ಹಾಗಾಯಿತು.

ಆದರೆ 1,890 ಇಡೀ ಬೆಲೆಯಲ್ಲ. ನೆಲದ ಮೇಲೆ ಗ್ರೌಂಡ್ ರೆಂಟ್ ಇತ್ತು, ಅಂದರೆ ನೆಲ ಕೊಟ್ಟವನಿಗೆ ಮನೆಯ ಒಡೆಯ ವರ್ಷವರ್ಷ ಕಟ್ಟಬೇಕಿದ್ದ ಬಾಡಿಗೆ: ವರ್ಷಕ್ಕೆ 48 ಡಾಲರ್. ಶೇ. 6ರಂತೆ ಹಿಮ್ಮುಖ ಲೆಕ್ಕ ಹಾಕಿದರೆ ಅಸಲು 800. ಅಂದರೆ ಒಟ್ಟು 2,690. ಬಾಡಿಗೆ ಯಾವ ನಾಣ್ಯದಲ್ಲಿ ಎಂಬುದನ್ನೂ ಬರೆದಿದ್ದಾರೆ: ಬೆಳ್ಳಿ, ಪ್ರತಿ ಡಾಲರೂ ಕನಿಷ್ಠ 17 ಪೆನ್ನಿವೇಟ್ 6 ಗ್ರೇನ್ (ಬೆಳ್ಳಿ ಬಂಗಾರ ತೂಗುವ ಅಳತೆಗಳು) ತೂಗಬೇಕು. ಈ ಗ್ರೌಂಡ್ ರೆಂಟ್ ಮನೆಗೆ ಅಂಟಿಕೊಂಡೇ ಇದ್ದರೂ ಅದೂ ಒಂದು ಸ್ಥಿರಾಸ್ತಿಯಾಗಿತ್ತು. ಅದನ್ನೂ ಮಾರುತ್ತಿದ್ದರು, ಅಡವಿಡುತ್ತಿದ್ದರು, ಅದರ ಒಡೆಯ ಸತ್ತರೆ ಅವನ ಮಕ್ಕಳೂ ಅದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಮುಂದಿನ ಪ್ರಾಜೆಕ್ಟ್ ಅದೇ. ನಿಜ ಹೇಳಬೇಕೆಂದರೆ ಈ ಬೇಸಿಗೆಗೆ ಅಂದುಕೊಂಡಿದ್ದು ಬೇರೆ. ಧಾರವಾಡದ ಅಟ್ಟದ ಮೇಲಿರುವ ನಮ್ಮಜ್ಜನ ಪಾಲುಪಟ್ಟಿ ಮೋಡಿ ಲಿಪಿಯಲ್ಲಿದೆ, ಅಕ್ಷರಕ್ಕೆ ಅಕ್ಷರ ಅಂಟಿಸಿ ಬರೆಯುವ ಲಿಪಿ. ಎರಡು ಎಸ್‌ಗೇ ಹದಿನಾಲ್ಕು ತಿಂಗಳು ತೆಗೆದುಕೊಂಡವನು ಅದನ್ನು ಮುಟ್ಟುವುದು ಬೇಡ ಅಂತ ಚಿಕ್ಕಪ್ಪ ಈಗಾಗಲೇ ಫೋನಿನಲ್ಲಿ ಹೇಳಿಯಾಗಿದೆ.

ಬೆಳಿಗ್ಗೆ ಗ್ರೌಂಡ್ ರೆಂಟಿನ ಮೊದಲ ಪತ್ರ ತೆರೆದೆ. ಒಡೆಯನಿಗೆ ಒಂಬತ್ತು ಮಕ್ಕಳು, ಅದರಲ್ಲಿ ನಾಲ್ವರು ಮೈನರುಗಳು. ಪುಟ ನಂಬರು ಬರೆದಿಟ್ಟುಕೊಂಡು ನಕಲಿಗೆ ದುಡ್ಡು ಕಟ್ಟಿದ್ದೇನೆ. ಯಾವ ಪುಟ ಬರುತ್ತದೋ ನೋಡೋಣ.