ಎಷ್ಟು ಪ್ರತಿ ಅನ್ನುವುದನ್ನು ಪ್ಲೇಟೇ ಹೇಳಬೇಕು

ಬೆಂಗಳೂರಿನ ಚಿತ್ರಸಂತೆ ಇರುವುದು ಜನವರಿಯಲ್ಲಿ. ನನ್ನ ಅಚ್ಚಿನ ಕೆಲಸ ಮಾತ್ರ ಡಿಸೆಂಬರ್ ಮೊದಲ ವಾರದೊಳಗೆ ಮುಗಿಯಲೇಬೇಕು. ಎಣ್ಣೆ ಶಾಯಿ ಯಾರ ಅವಸರವನ್ನೂ ಕೇಳುವುದಿಲ್ಲ. ಒಣ ಹವೆಯಲ್ಲಿ ಮೂರ್ನಾಲ್ಕು ದಿನಕ್ಕೆ ಒಣಗುವ ಪ್ರಿಂಟು, ಮೈಸೂರಿನಲ್ಲಿ ಮೋಡ ಕವಿದು ಕೂತರೆ ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ಈಗ ನಮ್ಮ ಹಜಾರದ ಉದ್ದಕ್ಕೂ ಹಗ್ಗ ಕಟ್ಟಿದೆ, ಬಟ್ಟೆ ಕ್ಲಿಪ್ಪುಗಳಲ್ಲಿ ಪ್ರಿಂಟುಗಳು ನೇತಾಡುತ್ತಿವೆ. ಅಮ್ಮ ತಲೆ ಬಗ್ಗಿಸಿಕೊಂಡೇ ಅಡುಗೆಮನೆಗೆ ಹೋಗಿಬರುತ್ತಿದ್ದಾರೆ.

ಈ ಸಲದ ದೊಡ್ಡ ಲಿನೊ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ, ಶಾಯಿ ಹಚ್ಚಿ ತೆಗೆಯುವ ಅಚ್ಚು, ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು. ಮೊಳ ಹಾಕುವ ಕೈ, ತೂಗುಬಿಟ್ಟ ಹಾರಗಳು, ಹಿಂದೆ ಒಂದು ಅಂಗಡಿಯ ಬೋರ್ಡು. ಹೂವಿಗಿಂತ ಆ ಬೋರ್ಡಿಗೇ ಹೆಚ್ಚು ಹೊತ್ತು ಹಿಡಿಯಿತು. ಅಚ್ಚಿನಲ್ಲಿ ಎಡ ಬಲವಾಗುವುದರಿಂದ ಅಕ್ಷರಗಳನ್ನು ಉಲ್ಟಾ ಕೆತ್ತಬೇಕು. ಮೆತ್ತನೆ ಪೆನ್ಸಿಲಿನಲ್ಲಿ ಟ್ರೇಸಿಂಗ್ ಪೇಪರಿನ ಮೇಲೆ ನೇರವಾಗಿ ಬರೆದು, ಅದನ್ನು ಬೋರಲು ಹಾಕಿ ಉಜ್ಜಿದರೆ ಲಿನೊ ಮೇಲೆ ಉಲ್ಟಾ ಮೂಡುತ್ತದೆ. ಅಷ್ಟು ಸುಲಭ. ಕಷ್ಟವಿರುವುದು ಕನ್ನಡದ ದುಂಡಗೆಯಲ್ಲಿ. ನೇರ ಗೀಟಿನ ಇಂಗ್ಲಿಷ್ ಅಕ್ಷರ ನಾಲ್ಕು ಎಳೆತಕ್ಕೆ ಮುಗಿಯುತ್ತದೆ. ‘ಜ’, ‘ಣ’ ಬಂದರೆ ಪ್ರತಿ ತಿರುವಿನಲ್ಲೂ ಲಿನೊ ಚಕ್ಕೆಯೆದ್ದು ಬರುವ ಭಯ. ಉಳಿ ಹಿಡಿದ ಕೈಯನ್ನು ಹಾಗೇ ಇಟ್ಟು, ಎಡಗೈಯಿಂದ ಲಿನೊವನ್ನೇ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಚಳಿಗೆ ಅದು ಗಡುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಡುತ್ತೇನೆ, ಮೆತ್ತಗಾಗುತ್ತದೆ.

ಶಾಯಿ ಹಚ್ಚುವಾಗ ಕಣ್ಣಿಗಿಂತ ಕಿವಿಯನ್ನು ನಂಬುತ್ತೇನೆ. ಗಾಜಿನ ಮೇಲೆ ರೋಲರ್ ಹಿಂದೆ ಮುಂದೆ ಓಡುವಾಗ, ಕಾದ ಹೆಂಚಿಗೆ ನೀರು ಚಿಮುಕಿಸಿದಂಥ ಸಣ್ಣ ಚುರುಚುರು ಕೇಳಿಸಿದರೆ ಪದರ ಸರಿಯಾಗಿದೆ ಎಂದರ್ಥ. ಪಚಪಚ ಅಂದರೆ ಶಾಯಿ ಹೆಚ್ಚಾಗಿದೆ, ಸಣ್ಣ ಗೆರೆಗಳೆಲ್ಲ ತುಂಬಿಹೋಗುತ್ತವೆ. ಆಮೇಲೆ ಕಾಗದ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜುವುದು. ದೊಡ್ಡದಕ್ಕೆ ಮಾತ್ರ ಗೆಳತಿಯ ಸ್ಟುಡಿಯೊದ ಪ್ರೆಸ್.

ಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಪ್ರಶ್ನೆ: “ಇದರ ಒರಿಜಿನಲ್ ಎಲ್ಲಿದೆ ಮೇಡಂ?” ಅದಕ್ಕೇ ಕೆತ್ತಿದ ಲಿನೊವನ್ನೂ ಜೊತೆಗೆ ಒಯ್ಯುತ್ತೇನೆ. ಮುಟ್ಟಿ ನೋಡಿ ಎಂದು ಕೊಡುತ್ತೇನೆ. ಬೆರಳು ಆ ಗೀರುಗಳಲ್ಲಿ ಓಡಿದ ಮೇಲೆ ಮಾತು ಸಲೀಸು. ಲಿನೊ ಬರೀ ಸಾಧನ, ಕಾಗದದ ಮೇಲೆ ಇಳಿಯುವವರೆಗೆ ಚಿತ್ರವೆನ್ನುವುದು ಎಲ್ಲೂ ಇಲ್ಲ. ಹಾಗಾಗಿ 40 ಪ್ರಿಂಟಿದ್ದರೆ ನಲವತ್ತಕ್ಕೆ ನಲವತ್ತೂ ಒರಿಜಿನಲ್ಲೇ.

ಹೋದ ಸಂತೆಯಲ್ಲಿ ಒಬ್ಬ ಹಿರಿಯರು ಇದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, “ಸರಿ ಕಣಮ್ಮ, 40 ಆದಮೇಲೆ 400 ಯಾಕೆ ಆಗಬಾರದು?” ಎಂದರು. ಇಡೀ ದಿನದಲ್ಲಿ ನನಗೆ ಬಂದ ಒಳ್ಳೆಯ ಪ್ರಶ್ನೆ ಅದೇ. ಕಲಾಶಾಲೆಯಿಂದ ಹೊರಬಿದ್ದಾಗಿನಿಂದ ನನ್ನನ್ನು ಕಾಡುತ್ತಿರುವುದೂ ಅದೇ.

ಡ್ರೈಪಾಯಿಂಟಿನಲ್ಲಿ ಉತ್ತರ ತಾಮ್ರದ ತಗಡಿನಲ್ಲೇ ಇದೆ. ಆಸಿಡ್ಡಿನಿಂದ ತಗಡಿನಲ್ಲಿ ಗೆರೆ ಕೊರೆಯುವ ಎಚಿಂಗಿನಂತೆ ಅಲ್ಲಿ ಆಸಿಡ್ ಇಲ್ಲ, ಚೂಪಾದ ಸೂಜಿಯಿಂದ ತಗಡನ್ನು ನೇರವಾಗಿ ಗೀರುವುದು. ಗೀರಿದಾಗ ತಾಮ್ರ ಅಂಚಿಗೆ ಸಣ್ಣ ದಿಬ್ಬವಾಗಿ ಎದ್ದು ನಿಲ್ಲುತ್ತದೆ. ಶಾಯಿ ಹಿಡಿದಿಟ್ಟುಕೊಳ್ಳುವುದು ಆ ದಿಬ್ಬವೇ, ಗೆರೆಯ ಪಕ್ಕದಲ್ಲಿ ಮಖಮಲ್ಲಿನ ಕಪ್ಪು ಹರಡುವುದೂ ಅದರಿಂದಲೇ. ಪ್ರೆಸ್ಸಿನ ರೋಲರಿನಡಿ ಹೋದಷ್ಟು ಸಲವೂ ಅದು ಒಂದಿಷ್ಟು ಮಲಗುತ್ತದೆ. ಹತ್ತು, ಹನ್ನೆರಡು, ಹೆಚ್ಚೆಂದರೆ ಇಪ್ಪತ್ತು ಪ್ರಿಂಟಾಗುವಷ್ಟರಲ್ಲಿ ಆ ಕಪ್ಪು ಹೋಗಿ ಒಣ ಗೆರೆ ಉಳಿಯುತ್ತದೆ. ನನ್ನ ಡ್ರೈಪಾಯಿಂಟುಗಳ ಕೆಳಗೆ ಒಟ್ಟು ಪ್ರತಿ 12 ಎಂದಿರುವುದಕ್ಕೆ ಬೇರೆ ಕಾರಣವಿಲ್ಲ.

ಲಿನೊ ಹಾಗಲ್ಲ. ಜೋಪಾನ ಮಾಡಿದರೆ ನೂರಾರು ಪ್ರಿಂಟು ಕೊಡುತ್ತದೆ. ಅಲ್ಲಿ ಮಿತಿ ನನ್ನ ಕೈಯದ್ದು. ಒಮ್ಮೆ ಕಲಸಿದ ಶಾಯಿಯಲ್ಲಿ, ಅದೇ ಬಣ್ಣದಲ್ಲಿ, ಗಮನ ಚದುರದಂತೆ ನನಗೆ ತೆಗೆಯಲಾಗುವುದು 40. ನಲವತ್ತೊಂದನೆಯದು ಬೇರೆ ದಿನದ, ಬೇರೆ ಬಣ್ಣದ ಪ್ರಿಂಟಾಗುತ್ತದೆ. ಆ ಹಿರಿಯರಿಗೆ ಹೀಗೇ ಹೇಳಿದೆ. ಅವರು ತಲೆಯಾಡಿಸಿ 17/40, ಅಂದರೆ ನಲವತ್ತರಲ್ಲಿ 17 ಎಂದು ನಂಬರು ಬರೆದ ಪ್ರಿಂಟು, ತೆಗೆದುಕೊಂಡರು. (ಒಂದನೆಯ ನಂಬರಿಗೇ ಬೆಲೆ ಜಾಸ್ತಿ ಎಂದು ಹುಡುಕುವವರು ಬಹಳ ಜನ. ಒಣಗಿದ ಮೇಲೆ ಆರಿಸಿ, ಒಟ್ಟಿಗೆ ಕೂತು ನಂಬರು ಬರೆಯುವುದು. 1 ಎಂದಿರುವುದು ಮೊದಲು ತೆಗೆದದ್ದೇ ಆಗಿರಬೇಕಿಲ್ಲ. ನನ್ನಲ್ಲಿ ಎಲ್ಲಕ್ಕೂ ಒಂದೇ ಬೆಲೆ.)

ಗ್ಯಾಲರಿಯವರೊಬ್ಬರ ಸಲಹೆ ಬೇರೆಯೇ ಇತ್ತು: “ಲಿನೊನೂ ಐದೇ ಮಾಡಿ, ಬೆಲೆ ಐದು ಪಟ್ಟು ಹೇಳಬಹುದು.” ಮಾರುಕಟ್ಟೆಯ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ನಾನು ಒಪ್ಪಲಾರೆ. ಅಚ್ಚು ಹುಟ್ಟಿದ್ದೇ ಒಂದು ಚಿತ್ರ ಹತ್ತಾರು ಮನೆ ಸೇರಲಿ ಎಂದು. ಪ್ಲೇಟು, ಅಂದರೆ ಆ ತಗಡೋ ಲಿನೊವೋ, ಸಾಕು ಎನ್ನುವ ಮುಂಚೆ, ಕೈ ಸೋಲುವ ಮುಂಚೆ ಮಾರುಕಟ್ಟೆಗಾಗಿ ನಿಲ್ಲಿಸುವುದು ಕೃತಕ ಬರಗಾಲ. ಪೆನ್ಸಿಲಿನಲ್ಲಿ ಸಹಿ ಹಾಕಿ ನಂಬರು ಬರೆಯುವುದೂ ರೂಢಿಗೆ ಬಂದದ್ದು 19ನೇ ಶತಮಾನದ ಕೊನೆಯಿಂದೀಚೆಗೆ. ಅಚ್ಚಿನ ಕೆಲಸಕ್ಕೆ ಹೆಸರಾದ ಯುರೋಪಿನ ಹಳೆಯ ಕಲಾವಿದರಾದ ಡ್ಯೂರರ್, ರೆಂಬ್ರಾಂಟ್ ಯಾರೂ ನಂಬರು ಹಾಕಿದವರಲ್ಲ. 500 ವರ್ಷಗಳ ಹಿಂದೆ ಡ್ಯೂರರನ ಹೆಂಡತಿ ಆಗ್ನೆಸ್ ಫ್ರಾಂಕ್‌ಫರ್ಟಿನ ಜಾತ್ರೆಗೆ ಹೋಗಿ ಗಂಡನ ಪ್ರಿಂಟುಗಳನ್ನು ಮಾರುತ್ತಿದ್ದಳು. ಬಿಸಿಲಲ್ಲಿ ಮಳಿಗೆ ಹಾಕಿಕೊಂಡು ಕೂತಾಗ ನನಗೆ ಡ್ಯೂರರನಿಗಿಂತ ಹೆಚ್ಚು ನೆನಪಾಗುವವಳು ಆಗ್ನೆಸ್.

ನಮ್ಮಲ್ಲೂ ಅಷ್ಟೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಿಂದ ಬಂತು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಮುದ್ರಿಸುವ ಪ್ರೆಸ್. ಅರಮನೆಯ ಗೋಡೆಯ ಮೇಲಿದ್ದ ಸರಸ್ವತಿ ಸಾಮಾನ್ಯರ ಮನೆಯ ದೇವರಗೂಡಿಗೆ ಬಂದದ್ದು ಹಾಗೆ. ನಮ್ಮಜ್ಜಿಯ ಮನೆಯಲ್ಲಿ ಅರಿಶಿನ ಕುಂಕುಮ ಹತ್ತಿ ಮಾಸಿದ್ದ ಆ ಪಟದೆದುರೇ ನಾನು ಸ್ಲೇಟು ಹಿಡಿದು ಕೂತದ್ದು. ಹಾಗಾಗಿ ನನ್ನ ಸಣ್ಣ ಲಿನೊಗಳ ಬೆಲೆ 1,200 ರೂಪಾಯಿ ದಾಟಿಲ್ಲ. ಹತ್ತಿಯ ಕಾಗದ, ಶಾಯಿ, ಮಳಿಗೆಯ ಖರ್ಚು ಕಳೆದು ಉಳಿಯುವುದು ಹೆಚ್ಚೇನಲ್ಲ. ಆದರೆ ಹೊಸದಾಗಿ ಮನೆ ಮಾಡಿದ ಹುಡುಗ ಹುಡುಗಿ ನಿಂತು, ತಮ್ಮತಮ್ಮಲ್ಲೇ ಮಾತಾಡಿಕೊಂಡು, ಒಂದನ್ನು ಕೊಂಡೊಯ್ಯಬಹುದಾದ ಬೆಲೆ ಅದು.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಕ್ಯಾನ್ವಾಸ್ ಚಿತ್ರವನ್ನು ಸ್ಕ್ಯಾನ್ ಮಾಡಿ, ಇಂಕ್‌ಜೆಟ್ಟಿನಲ್ಲಿ ತೆಗೆದು, ಕೆಳಗೆ 3/25 ಎಂದು ಬರೆದು, ಕೈಯಚ್ಚಿನ ಪ್ರಿಂಟು ಎಂದು ಮಾರುವುದು. ಇಂಕ್‌ಜೆಟ್ ಪ್ರಿಂಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಅದರ ಹೆಸರಿನಲ್ಲೇ ಮಾರಲಿ, ಕೊಳ್ಳುವವರಿಗೆ ತಿಳಿದಿರಲಿ.

ಈ ಸಲ ಸಂತೆಗೆ ಬರುವವರು ಯಾರ ಮಳಿಗೆಯಲ್ಲೇ ಆಗಲಿ ಸಂಕೋಚ ಬಿಟ್ಟು ಕೇಳಿ, ಪ್ರಿಂಟನ್ನು ಓರೆ ಬೆಳಕಿಗೆ ಹಿಡಿದು ನೋಡಿ. ಎಚಿಂಗ್, ಡ್ರೈಪಾಯಿಂಟ್ ಆದರೆ ತಗಡಿನ ಅಂಚು ಕಾಗದದಲ್ಲಿ ಒತ್ತಿ ಕೂತಿರುತ್ತದೆ, ಬೆರಳಿಗೆ ಸಿಗುತ್ತದೆ. ಲಿನೊ ಆದರೆ ಹಿಂಬದಿಯಲ್ಲಿ ಉಜ್ಜಿದ ಗುರುತಿರಬಹುದು, ಕೆತ್ತಿ ತೆಗೆದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಉಳಿಯ ಗೀರು ಶಾಯಿ ಹಿಡಿದಿರಬಹುದು. ಫ್ರೇಮ್ ಹಾಕಿಸುವಾಗ ಗಾಜು ಶಾಯಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು) ಕೇಳಿ, ನೇರ ಬಿಸಿಲು ಬೀಳುವ ಗೋಡೆ ಬೇಡ. ಅಂಟಿಸಲು ಗೋಧಿ ಪಿಷ್ಟದ ಗೋಂದು, ತೆಳು ಕಾಗದದ ಪಟ್ಟಿ ಸಾಕು. ಸೆಲ್ಲೋಟೇಪು ಹಚ್ಚುತ್ತೇನೆಂದರೆ ಫ್ರೇಮಿನವರ ಕೈ ಹಿಡಿದು ನಿಲ್ಲಿಸಿ, ಅದು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಾಗದವನ್ನೂ ಕೆಡಿಸುತ್ತದೆ.