ಕ್ಯಾಮೆರಾ ಈಗ ತಗೊಳ್ಳಲಾ, ಕಾಯಲಾ?

ಹದಿನೈದು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಬಂದಿದ್ದೇನೆ. ಫೋನಿನಲ್ಲಿ ಹೇಳಿದ್ದೇನೆ, ಮೆಟ್ಟಿಲ ಮೇಲೆ ನಿಂತು ಹೇಳಿದ್ದೇನೆ, ಊಟದ ನಡುವೆ ಕೈ ಒಣಗಿಸಿಕೊಂಡು ಹೇಳಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿಡುತ್ತೇನೆ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ತೆಗೆಯಲೇಬೇಕಾದ ಫೋಟೋ ಒಂದು ನಿಮ್ಮ ಕಣ್ಣ ಮುಂದೆ ಇದೆಯಾ? ಹಾಗಾದರೆ ಈಗ ತಗೊಳ್ಳಿ. ಇಲ್ಲವಾ? ಹಾಗಾದರೆ ಈಗಲೂ ಬೇಡ, ಆರು ತಿಂಗಳು ಕಾದ ಮೇಲೂ ಬೇಡ.

ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ ಅಂತ ಗೊತ್ತು. "ಅಲ್ಲ, ಹೊಸ ಮಾಡೆಲ್ ಬರುತ್ತಂತೆ ಅಲ್ವಾ?" ಅನ್ನುತ್ತಾರೆ. ಹೌದು, ಬರುತ್ತದೆ. ಅದು ಬಂದ ಮೇಲೆ ಅದರ ನಂತರದ್ದೂ ಬರುತ್ತದೆ. ನನಗೆ ಬೇಸರ ತರಿಸುವುದು ಕಾಯುವ ಮಾತಲ್ಲ. ಏನಕ್ಕೆ ಕಾಯುತ್ತಿದ್ದೇವೆ ಅನ್ನುವುದನ್ನು ಯಾರೂ ಹೇಳುವುದಿಲ್ಲವಲ್ಲ, ಅದು. "ಮುಂದಿನದರಲ್ಲಿ ಏನಿದ್ದರೆ ನಿಮಗೆ ಅನುಕೂಲ?" ಅಂತ ತಿರುಗಿ ಕೇಳಿದರೆ ಎದುರಿನವರು ತಡವರಿಸುತ್ತಾರೆ. ಆಮೇಲೆ "ಕ್ಲಾರಿಟಿ" ಅನ್ನುತ್ತಾರೆ.

ಈ ಪ್ರಶ್ನೆಗೂ ಒಂದು ಕಾಲವಿತ್ತು, ಅದನ್ನು ಒಪ್ಪುತ್ತೇನೆ. 1975ರಲ್ಲಿ ಕೊಡ್ಯಾಕ್‌ನಲ್ಲಿ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ ಅದರ ಚಿತ್ರ 0.01 ಮೆಗಾಪಿಕ್ಸೆಲ್. ಒಂದು ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಹತ್ತು ಲಕ್ಷ ಚುಕ್ಕಿ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 1999ರ ನಿಕಾನ್ ಡಿ1 ವೃತ್ತಿಯವರ ಕ್ಯಾಮೆರಾ, ಅದರದ್ದು 2.7 ಮೆಗಾಪಿಕ್ಸೆಲ್. ನಾಲ್ಕೇ ವರ್ಷದಲ್ಲಿ, 2003ರಲ್ಲಿ, ಹವ್ಯಾಸಿಗಳ ಕೈಗೆ ಎಟುಕುವ ಕ್ಯಾನನ್ 300ಡಿ ಬಂತು. ಅದರಲ್ಲಿ 6 ಮೆಗಾಪಿಕ್ಸೆಲ್ ಇತ್ತು. ಆಗ ಕಾದವರು ಬುದ್ಧಿವಂತರೇ. ಒಂದು ವರ್ಷ ತಡೆದರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಸಿಗುತ್ತಿತ್ತು.

ಆ ಓಟ ಯಾವಾಗಲೋ ನಿಧಾನವಾಗಿದೆ. 2012ರ ನಿಕಾನ್ ಡಿ3200 ಕಲಿಯುವವರಿಗೆಂದು ಮಾಡಿದ್ದು, ಅದರದ್ದು 24 ಮೆಗಾಪಿಕ್ಸೆಲ್. 2013ರ ಸೋನಿ ಎ7 ಕೂಡ 24. 2022ರ ಕ್ಯಾನನ್ ಆರ್6 ಮಾರ್ಕ್ 2 ನೋಡಿ, 24. 2024ರ ನಿಕಾನ್ ಝಡ್6 3 ಕೂಡ ಸುಮಾರು ಅಷ್ಟೇ. ಇದಕ್ಕಿಂತ ಜಾಸ್ತಿ ಇರುವವೂ ಇವೆ, ಬೇಕಾದವರಿಗೆ. ಆದರೆ ಹನ್ನೆರಡು ವರ್ಷ ಅದೇ ಸಂಖ್ಯೆಯಲ್ಲಿ ನಿಲ್ಲಲು ಕಾರಣವಿದೆ: ಹೆಚ್ಚಿನವರಿಗೆ ಅಷ್ಟು ಸಾಕು. 24 ಮೆಗಾಪಿಕ್ಸೆಲ್ ಅಂದರೆ ಅಡ್ಡಕ್ಕೆ 6000 ಚುಕ್ಕಿ, ಎತ್ತರಕ್ಕೆ 4000. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 20 ಇಂಚು ಅಗಲದ ಫೋಟೋ ಆಗುತ್ತದೆ. ನಿಮ್ಮ ಮನೆಯ ಗೋಡೆಯ ಮೇಲೆ 20 ಇಂಚಿನ ಫೋಟೋ ಎಷ್ಟಿವೆ, ಹೇಳಿ. 4ಕೆ ಟೀವಿಯ ಪರದೆ ಪೂರ್ತಿ ತುಂಬಲು ಸುಮಾರು 8.3 ಮೆಗಾಪಿಕ್ಸೆಲ್ ಸಾಕು.

"ಹಾಗಲ್ಲ, ರಾತ್ರಿ ತೆಗೆದರೆ ಕಾಳುಕಾಳು ಬರುತ್ತಲ್ಲ, ಹೊಸದರಲ್ಲಿ ಅದು ಹೋಗುತ್ತಾ?" ಇದು ಒಳ್ಳೆಯ ಪ್ರಶ್ನೆ, ಇದಕ್ಕೆ ಸಮಾಧಾನವಾಗಿ ಉತ್ತರ ಹೇಳುತ್ತೇನೆ. ಬಯಲಿನಲ್ಲಿ ನೂರು ಲೋಟ ಸಾಲಾಗಿ ಇಟ್ಟಿದ್ದೀರಿ ಅಂದುಕೊಳ್ಳಿ. ತುಂತುರು ಮಳೆ ಒಂದು ಗಳಿಗೆ ಹನಿಸಿ ನಿಂತರೆ ಒಂದು ಲೋಟದಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಏಳು. ಜೋರು ಮಳೆ ಬಂದರೆ ಎಲ್ಲ ಲೋಟದಲ್ಲೂ ನೀರು ಹೆಚ್ಚುಕಡಿಮೆ ಒಂದೇ ಮಟ್ಟ. ಬೆಳಕು ಕೂಡ ಹೀಗೆ ಹನಿಹನಿಯಾಗಿಯೇ ಬೀಳುವುದು. ಮಂದ ಬೆಳಕಿನಲ್ಲಿ ಕಾಣುವ ಕಾಳಿನಲ್ಲಿ ದೊಡ್ಡ ಪಾಲು ಬೆಳಕಿನದೇ ಏರುಪೇರು. ಲೋಟ ಎಷ್ಟೇ ಚೆನ್ನಾಗಿರಲಿ, ಮಳೆ ಕಡಿಮೆ ಇದ್ದರೆ ಮಟ್ಟ ಸಮ ಆಗುವುದಿಲ್ಲ. ಆ ಲೋಟದ ಸಾಲೇ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್. ಅದನ್ನು ಮಾಡುವವರು ತಮ್ಮ ಕಡೆಯ ತಪ್ಪನ್ನು ಆಗಲೇ ತುಂಬ ಕಡಿಮೆ ಮಾಡಿದ್ದಾರೆ. ಉಳಿದದ್ದು ಮುಂದಿನ ಮಾಡೆಲ್ ಬಂದರೂ ಹೋಗುವುದಿಲ್ಲ. ಇರುವ ಬೆಳಕನ್ನೇ ಜಾಸ್ತಿ ಹಿಡಿಯಬೇಕು, ಅದಕ್ಕೆ ಮುಖ್ಯ ದಾರಿ ಮೂರು. ದೊಡ್ಡ ಸೆನ್ಸರ್, ಅಗಲ ಬಾಯಿಯ ಲೆನ್ಸ್, ಇಲ್ಲವೇ ಬೆಳಕಿನ ಬಾಗಿಲಾದ ಶಟರ್ ಹೆಚ್ಚು ಹೊತ್ತು ತೆರೆದಿಡುವುದು.

ಫೋನು ಹೇಗೆ ನಿಭಾಯಿಸುತ್ತದೆ ಅಂತಲೂ ಕೇಳುತ್ತಾರೆ. ಹತ್ತಾರು ಚಿತ್ರ ಸರಸರನೆ ತೆಗೆದು ಒಂದರ ಮೇಲೊಂದು ಸೇರಿಸುತ್ತದೆ. ಅದೂ ಬೆಳಕು ಕೂಡಿಹಾಕುವ ಉಪಾಯವೇ. ಎದುರಿಗಿರುವುದು ಅಲ್ಲಾಡದಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಗು ಓಡಿದರೆ ಮುಖ ಮಸುಕು.

ಸೆನ್ಸರಿನ ಮಾತು ಹೀಗಾದರೂ ಹೊಸ ಕ್ಯಾಮೆರಾಗಳಲ್ಲಿ ನಿಜವಾಗಿ ಬದಲಾದದ್ದು ಒಂದಿದೆ, ಆಟೋಫೋಕಸ್. ಹಾರುವ ಹಕ್ಕಿಯ ಕಣ್ಣು ಹುಡುಕಿ ಹಿಡಿದುಕೊಂಡು ಹೋಗುವುದು ಹತ್ತು ವರ್ಷದ ಹಿಂದೆ ನಮ್ಮ ಕೈಚಳಕ ಮತ್ತು ಅದೃಷ್ಟದ ಕೆಲಸವಾಗಿತ್ತು. ಈಗ ಕ್ಯಾಮೆರಾವೇ ಮಾಡುತ್ತದೆ. ಹಕ್ಕಿ, ಆಟೋಟ, ವೀಡಿಯೋ, ಈ ಮೂರರ ಹುಚ್ಚಿರುವವರಿಗೆ ಹೊಸದು ಹಳೆಯದಕ್ಕಿಂತ ಎಷ್ಟೋ ಮೇಲು. ಅವರು ಯಾವಾಗ ತಗೊಳ್ಳಬೇಕು ಅಂತ ಯೋಚಿಸುವುದರಲ್ಲಿ ಅರ್ಥವಿದೆ. ಆದರೆ ನನ್ನನ್ನು ಕೇಳುವ ಹತ್ತು ಜನರಲ್ಲಿ ಒಬ್ಬರೋ ಇಬ್ಬರೋ ಅಂಥವರು.

ಇನ್ನು ನಾನು ಯಾಕೆ ಇಷ್ಟು ಖಾರವಾಗಿ ಮಾತಾಡುತ್ತೇನೆ ಅನ್ನುವುದನ್ನು ಹೇಳಿಬಿಡುತ್ತೇನೆ.

2012ರಲ್ಲಿ ನನ್ನ ಚಿಕ್ಕಮ್ಮ ಫೋನ್ ಮಾಡಿದರು. "ಒಂದು ಒಳ್ಳೆ ಕ್ಯಾಮೆರಾ ತಗೋಬೇಕು ಅಂತಿದ್ದೀನಿ. ಈಗ ತಗೊಳ್ಳಲಾ, ಒಂದೆರಡು ತಿಂಗಳು ಬಿಟ್ಟು ತಗೊಳ್ಳಲಾ?" ಚಿಕ್ಕಮ್ಮ ಹೀಗೆ ಏನನ್ನೂ ಕೇಳಿದವರಲ್ಲ. ನನಗೆ ಖುಷಿಯಾಯಿತು. ಗೊತ್ತಿದ್ದುದನ್ನೆಲ್ಲ ಹೇಳಿದೆ. ಈಗಿರುವುದು 16 ಮೆಗಾಪಿಕ್ಸೆಲ್, ಇನ್ನೇನು 24ರದ್ದು ಅಂಗಡಿಗೆ ಬರುತ್ತದೆ, ಅದು ಬಂದರೆ ಇದರ ಬೆಲೆಯೂ ಇಳಿಯುತ್ತದೆ, ಹೇಗೆ ನೋಡಿದರೂ ಕಾಯುವುದೇ ಲಾಭ. ಅರ್ಧ ಗಂಟೆ ಮಾತಾಡಿದೆ. ಅವರು "ಸರಿಯಪ್ಪಾ, ನೀನು ಹೇಳಿದ ಮೇಲೆ ಆಯ್ತು" ಅಂದರು.

ಹೊಸದು ಬಂತು. ಯಾವುದು ತಗೊಳ್ಳಬೇಕು, ಯಾವ ಲೆನ್ಸ್ ಜೊತೆಗೆ ಅಂತೆಲ್ಲ ಚೀಟಿಯಲ್ಲಿ ಬರೆದುಕೊಂಡು ಅವರ ಮನೆಗೆ ಹೋದೆ. ಚೀಟಿ ನೋಡಿದರು. "ಇನ್ನು ಅವಸರ ಏನಿಲ್ಲ ಬಿಡು" ಅಂದರು. ಅವರು ಹುಟ್ಟಿದ ಮನೆ ಮಾರಾಟವಾಗಿತ್ತು. ಕೆಡವುವ ಮುಂಚೆ ಒಳಗಿನ ಕೋಣೆಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು ಅಂತ ಅವರಿಗಿತ್ತು. ಮನೆ ಆಗಲೇ ನೆಲಸಮವಾಗಿತ್ತು. ಕೊನೆಯ ದಿನ ತಮ್ಮ ಫೋನಿನಲ್ಲೇ ತೆಗೆದುಕೊಂಡಿದ್ದರು. ನನಗೆ ತೋರಿಸಿದರು. ಅಂಗಳದ ಫೋಟೋ ಚೆನ್ನಾಗಿತ್ತು. ಒಳಗಿನವೆಲ್ಲ ಕಪ್ಪು. ಅಟ್ಟದ ಮೆಟ್ಟಿಲ ಮೇಲೆ ಒಂದು ಬೆಳಕಿಂಡಿ ಇತ್ತಂತೆ, ಮಧ್ಯಾಹ್ನ ಅಲ್ಲಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತಿತ್ತಂತೆ. ಫೋಟೋದಲ್ಲಿ ಒಂದು ಬಿಳಿ ಚೌಕ, ಸುತ್ತಲೂ ಬಣ್ಣಬಣ್ಣದ ಕಾಳು. ಮೆಟ್ಟಿಲು ಎಲ್ಲಿದೆ ಅಂತ ಚಿಕ್ಕಮ್ಮ ಬೆರಳಿಟ್ಟು ತೋರಿಸಬೇಕಾಯಿತು.

ಒಂದು ಮಾತು ಬೈಯಲಿಲ್ಲ. ಮನೆ ಕೆಡವುತ್ತಾರೆ ಅಂತ ಅವರು ನನಗೆ ಹೇಳಿರಲಿಲ್ಲ, ನಿಜ. ಆದರೆ ನಾನೂ ಕೇಳಲಿಲ್ಲವಲ್ಲ. "ಏನು ತೆಗೀಬೇಕು ಚಿಕ್ಕಮ್ಮಾ?" ಅನ್ನುವ ಒಂದು ಮಾತು ಅರ್ಧ ಗಂಟೆಯಲ್ಲಿ ನನ್ನ ಬಾಯಿಂದ ಬರಲಿಲ್ಲ.

ಇಷ್ಟು ವರ್ಷವಾದರೂ ಚುಚ್ಚುವ ವಿಷಯ ಇನ್ನೊಂದಿದೆ. ಆ ಫೋಟೋಗಳಿಗೆ ಹೊಸ ಕ್ಯಾಮೆರಾ ಬೇಕೇ ಇರಲಿಲ್ಲ. ಗೋಡೆ ಓಡುವುದಿಲ್ಲ, ಮೆಟ್ಟಿಲು ಕಣ್ಣು ಮಿಟುಕಿಸುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಐಎಸ್‌ಓ (ಬೆಳಕಿಗೆ ಸ್ಪಂದಿಸುವ ಮಟ್ಟ) 100ಕ್ಕೆ ಇಟ್ಟು, ಅಪರ್ಚರ್ (ಲೆನ್ಸಿನ ಬಾಯಿಯ ಅಳತೆ) ಎಫ್/8 ಮಾಡಿ, ಎಂಟು ಸೆಕೆಂಡ್ ಶಟರ್ ತೆರೆದಿಟ್ಟರೆ ಮಂಕು ಕೋಣೆಯೂ ಬೆಳಗಿದ ಹಾಗೆ ಬರುತ್ತದೆ. ಗುಂಡಿ ಒತ್ತುವಾಗ ಅಲುಗದಿರಲು ಟೈಮರ್ ಹಾಕಬೇಕು. ಬೆಳಕಿಂಡಿಯ ಬಿಸಿಲಿಗೆ ಬೇರೆ ಒಂದು, ಕತ್ತಲೆಯ ಮೂಲೆಗೆ ಬೇರೆ ಒಂದು ತೆಗೆದು ಆಮೇಲೆ ಸೇರಿಸಿಕೊಳ್ಳಬಹುದು. ಇಷ್ಟು ಮಾಡಲು 6 ಮೆಗಾಪಿಕ್ಸೆಲ್ಲಿನ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಸಾಕು. ಅಂಥದೊಂದು ನನ್ನ ಬೀರುವಿನಲ್ಲಿತ್ತು. ಟ್ರೈಪಾಡ್ ಮಂಚದ ಕೆಳಗಿತ್ತು. ಅವನ್ನು ಎತ್ತಿಕೊಂಡು ನಾನೇ ಒಂದು ದಿನ ಅವರ ಜೊತೆ ಹೋಗಿಬಂದಿದ್ದರೆ ಸಾಕಿತ್ತು. ಈಗಲೂ ಬೇಡ, ಕಾಯುವುದೂ ಬೇಡ, ನನ್ನದನ್ನೇ ತಗೊಂಡು ಹೋಗೋಣ. ಕೊಡಬೇಕಾಗಿದ್ದ ಉತ್ತರ ಅದು.

ಅದಕ್ಕೇ ಈಗ ಯಾರಾದರೂ ಮಾಡೆಲ್ ಹೆಸರಿನಿಂದ ಮಾತು ಶುರು ಮಾಡಿದರೆ ನಾನು ನಡುವೆಯೇ ತಡೆಯುತ್ತೇನೆ. ಒರಟು ಅನ್ನಿಸಬಹುದು. ಅನ್ನಿಸಲಿ. ಏನು ತೆಗೆಯುತ್ತೀರಿ? ಅದು ಅಲ್ಲಾಡುತ್ತದೆಯಾ? ಅಲ್ಲಿ ಬೆಳಕು ಎಷ್ಟಿದೆ? ಈ ಮೂರು ತಿಳಿದರೆ ಉತ್ತರ ತಾನಾಗಿ ಬರುತ್ತದೆ. ಅಲುಗಾಡದ್ದು, ಬೆಳಕಿಲ್ಲದ ಕಡೆ ಇದ್ದರೆ ಟ್ರೈಪಾಡ್ ಕೊಳ್ಳಿ, ಕ್ಯಾಮೆರಾ ಯಾವುದಾದರೂ ನಡೆಯುತ್ತದೆ. ಮನೆಯೊಳಗೆ ಓಡಾಡುವ ಮಗುವಾದರೆ ಹೊಸ ಕ್ಯಾಮೆರಾಗಿಂತ ಎಫ್/1.8ರ ಲೆನ್ಸ್ ಮೇಲು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಜೂಮ್ ಮಾಡಿದಾಗ ಅದರ ಬಾಯಿ ಎಫ್/5.6ಕ್ಕೆ ಇಳಿದಿರುತ್ತದೆ. ಎಫ್/1.8 ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹತ್ತು ಪಟ್ಟು! ಯಾವ ಹೊಸ ಸೆನ್ಸರೂ ಒಂದು ಮಾಡೆಲ್‌ನಿಂದ ಇನ್ನೊಂದಕ್ಕೆ ಅಷ್ಟು ಕೊಟ್ಟದ್ದು ನಾನು ಕಂಡಿಲ್ಲ. ಇನ್ನು ಹಗಲು ಬಿಸಿಲಿನಲ್ಲಿ ಪ್ರವಾಸದ ಫೋಟೋ ಅಂದರೆ ಜೇಬಿನಲ್ಲಿರುವ ಫೋನು ಸಾಕು, ದುಡ್ಡು ಉಳಿಸಿ.

ಕಾಯಲೇಬೇಕಾದ ಸಂದರ್ಭ ಇಲ್ಲವೇ ಅಂದರೆ ಇದೆ. ಸಾಲ ಮಾಡಿ ಕೊಳ್ಳುವುದಾದರೆ ಕಾಯಿರಿ. ಈಗಿರುವ ಕ್ಯಾಮೆರಾದಲ್ಲಿ ಏನು ಆಗುತ್ತಿಲ್ಲ ಅಂತ ಬೆರಳಿಟ್ಟು ತೋರಿಸಲು ಆಗದಿದ್ದರೆ ಕಾಯಿರಿ. ಹೊಸದು ಬಂದಾಗ ಹಳೆಯದರ ಬೆಲೆ ಇಳಿಯುವುದೂ ನಿಜ. ಆದರೆ ಕೆಲವು ಸಲ ಬೆಲೆ ಇಳಿಯುವ ಬದಲು ಹಳೆಯದು ಅಂಗಡಿಯಿಂದಲೇ ಕಾಣೆಯಾಗುತ್ತದೆ, ಅದನ್ನೂ ನೋಡಿದ್ದೇನೆ.

ದುಡ್ಡು ಕಡಿಮೆ ಇದ್ದರೆ ಸೆಕೆಂಡ್ ಹ್ಯಾಂಡ್ ನೋಡಿ. ಹೊಸ ಮಾಡೆಲ್‌ಗಳು ಹೆಚ್ಚಾಗಿ ಮಿರರ್‌ಲೆಸ್ (ಒಳಗೆ ಆ ಕನ್ನಡಿ ಇಲ್ಲದವು) ಆದ ಮೇಲೆ ಚೆನ್ನಾಗಿರುವ ಡಿಎಸ್‌ಎಲ್‌ಆರ್‌ಗಳನ್ನು ಜನ ಬಿಟ್ಟುಕೊಡುತ್ತಿದ್ದಾರೆ. ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಅಂತ ಕೇಳಿ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯ ಎಳೆಯ ಹಾಗೆ ಕಂಡರೆ ಅದು ಫಂಗಸ್, ವಾಪಸ್ ಕೊಡಿ. ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ, ಸೆನ್ಸರ್ ಮೇಲಿನ ಕೊಳೆ ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ಬಂದರೆ ಹೆದರಬೇಡಿ, ಸ್ವಚ್ಛ ಮಾಡಿಸಬಹುದು.

"ನಿನಗೇನು, ನಿನ್ನ ಹತ್ತಿರ ಇದೆ, ಅದಕ್ಕೇ ಹೀಗೆ ಮಾತಾಡ್ತೀಯ" ಅಂತ ಒಬ್ಬರು ಮುಖಕ್ಕೇ ಹೇಳಿದ್ದರು. ಹೌದು, ನನ್ನ ಹತ್ತಿರ ಇದೆ. ಅದನ್ನು ಕೇಳಿ ಅಂತಲೇ ನಾನು ಹೇಳುವುದು. ಹದಿನೈದು ವರ್ಷದಲ್ಲಿ ನೂರಾರು ಜನ "ತಗೊಳ್ಳಲಾ, ಕಾಯಲಾ" ಅಂತ ಕೇಳಿದ್ದಾರೆ. "ಎರಡು ದಿನಕ್ಕೆ ನಿನ್ನ ಕ್ಯಾಮೆರಾ ಕೊಡ್ತೀಯಾ?" ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಕೇಳಲು ಸಂಕೋಚ ಅಂತ ಗೊತ್ತು. ಬೆಲೆಬಾಳುವ ವಸ್ತು, ಬಿದ್ದರೆ ಏನು ಗತಿ ಅನ್ನುವ ಭಯ. ಆದರೆ ನನ್ನ ಆ 6 ಮೆಗಾಪಿಕ್ಸೆಲ್ಲಿನದನ್ನು ಕೊಡುವುದಕ್ಕೆಂದೇ ಇಟ್ಟಿದ್ದೇನೆ. ಎರಡು ದಿನ ಕೊರಳಿಗೆ ಹಾಕಿಕೊಂಡು ತಿರುಗಿದರೆ ಇಷ್ಟು ಭಾರ ನನಗೆ ಆಗುತ್ತಾ, ಇದನ್ನು ಹೊತ್ತು ನಿಜವಾಗಿ ಹೊರಗೆ ಹೋಗುತ್ತೇನಾ ಅಂತ ನಿಮಗೇ ತಿಳಿಯುತ್ತದೆ. ಹೋದ ವರ್ಷ ಗೆಳೆಯನ ಮಗಳು ಒಂದು ವಾರ ಇಟ್ಟುಕೊಂಡಿದ್ದಳು. ವಾಪಸ್ ಕೊಡುವಾಗ "ಅಂಕಲ್, ನನಗೆ ಕ್ಯಾಮೆರಾ ಬೇಡ, ಮ್ಯಾಕ್ರೋ ಲೆನ್ಸ್ ಬೇಕು" ಅಂದಳು. ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್ ಅದು. ಕಾರ್ಡಿನ ತುಂಬ ಇರುವೆಗಳು. ಎಲ್ಲವೂ ಇನ್ನೂ ಸ್ವಲ್ಪ ಹತ್ತಿರ ಹೋಗಬೇಕಿತ್ತು ಅನ್ನುವಂಥ ಚಿತ್ರಗಳು. ಏನು ಬೇಕು ಅಂತ ಅವಳಿಗೆ ಸ್ಪಷ್ಟವಾಗಿತ್ತು, ನನ್ನನ್ನು ಏನೂ ಕೇಳಬೇಕಾಗಿರಲಿಲ್ಲ.

ಚಿಕ್ಕಮ್ಮನಿಗೂ ಆಮೇಲೆ ಅದನ್ನೇ ಕೊಟ್ಟೆ. ಇಟ್ಟುಕೊಳ್ಳಿ ಅಂದರೂ ಕೇಳದೆ ಒಂದು ತಿಂಗಳಿಗೆ ವಾಪಸ್ ತಂದರು. ಈಗಿರುವ ಮನೆಯ ಒಂದೊಂದು ಕೋಣೆಯನ್ನೂ ತೆಗೆದಿದ್ದರು.

ಆ ಕ್ಯಾಮೆರಾ ಈ ವಾರ ಮನೆಯಲ್ಲೇ ಇದೆ. ಬ್ಯಾಟರಿ ಚಾರ್ಜ್ ಆಗಿದೆ, ಕಾರ್ಡ್ ಖಾಲಿ ಇದೆ. ಟ್ರೈಪಾಡಿನ ಒಂದು ಕಾಲಿನ ತಿರುಪು ಸ್ವಲ್ಪ ಸಡಿಲ, ನಿಲ್ಲಿಸುವ ಮುಂಚೆ ಬಿಗಿ ಮಾಡಿಕೊಳ್ಳಿ.