ನಿಯೋ ಜಿಯೋ ಎಇಎಸ್: ಇತಿಹಾಸ, ಮತ್ತು ಕೊಡಗಿನ ಮಳೆಯಲ್ಲಿ ಅದರ ಆರೈಕೆ

1990ರಲ್ಲಿ ಒಸಾಕದ ಎಸ್‌ಎನ್‌ಕೆ ಎಂಬ ವಿಡಿಯೋ ಗೇಮ್ ಕಂಪನಿ ನಿಯೋ ಜಿಯೋ ಎಂಬ ಒಂದೇ ಹಾರ್ಡ್‌ವೇರನ್ನು ಎರಡು ರೂಪದಲ್ಲಿ ಬಿಟ್ಟಿತು. ಆರ್ಕೇಡ್‌ಗೆ, ಅಂದರೆ ನಾಣ್ಯ ಹಾಕಿ ಆಡುವ ಅಂಗಡಿಗಳಿಗೆ, ಎಂವಿಎಸ್; ಮನೆಯ ಟಿವಿಗೆ ಜೋಡಿಸಿ ಆಡಲು ಎಇಎಸ್ ಕನ್ಸೋಲ್. ಜಪಾನಿನಲ್ಲಿ ಎಇಎಸ್ ಮೊದಲು ಬಾಡಿಗೆಗಷ್ಟೇ ಸಿಗುತ್ತಿತ್ತು, ಬೇಡಿಕೆ ಕಂಡ ಮೇಲೆ ಮಾರಾಟಕ್ಕೂ ಬಂತು. ಆಗ ಅಮೆರಿಕದಲ್ಲಿ ಗೋಲ್ಡ್ ಸೆಟ್ ಎಂಬ ಪೂರ್ತಿ ಪ್ಯಾಕ್‌ಗೆ 649.99 ಡಾಲರ್, ಆಟ ತುಂಬಿದ ಒಂದೊಂದು ಕಾರ್ಟ್ರಿಜ್‌ಗೆ ಸುಮಾರು 200 ಡಾಲರ್.

ಅಷ್ಟು ದುಬಾರಿಯಾಗಿದ್ದು ಹೆಸರಿಗಲ್ಲ, ಚಿಪ್ಪುಗಳಿಗೆ. 12 ಮೆಗಾಹರ್ಟ್ಸ್‌ನ 68000 ಪ್ರೊಸೆಸರ್, ಧ್ವನಿಗೆ ಝಡ್80 ಮತ್ತು ಯಮಹಾ ವೈಎಂ2610. ಪರದೆಯ ಅಕ್ಷರ, ಸ್ಕೋರುಗಳ ಒಂದು ಪದರ ಬಿಟ್ಟರೆ ಉಳಿದದ್ದೆಲ್ಲ, ಹಿನ್ನೆಲೆ ಕೂಡ, ಸ್ಪ್ರೈಟ್‌ಗಳಿಂದಲೇ, ಅಂದರೆ ಪರದೆಯ ಮೇಲೆ ಬೇಕಾದಲ್ಲಿ ಸರಿಸಬಹುದಾದ ಚಿತ್ರದ ತುಣುಕುಗಳಿಂದಲೇ, ಆಗಿದೆ; ಒಮ್ಮೆಗೆ 380. ಅಷ್ಟು ಚಿತ್ರಗಳಿಗೆ ಕಾರ್ಟ್ರಿಜ್‌ನಲ್ಲಿ ಭಾರೀ ROM (ಅಳಿಸದೆ ಉಳಿಯುವ ಮೆಮೊರಿ) ಚಿಪ್ಪುಗಳು ಬೇಕು. 1992ರ ಆರ್ಟ್ ಆಫ್ ಫೈಟಿಂಗ್ ಆಟ 100 ಮೆಗಾ ದಾಟಿತು. ಆದರೆ ಅದು ಮೆಗಾಬಿಟ್, ಅಂದರೆ ಸುಮಾರು 12 ಮೆಗಾಬೈಟ್. ಬೆಲೆ ಇಳಿಸಲು 1994ರಲ್ಲಿ ಸಿಡಿ ಮಾದರಿ ತಂದರು. ಡ್ರೈವ್ ನಿಧಾನ, ಒಂದೊಂದು ಸುತ್ತಿಗೂ ಕಾಯಬೇಕು. ಆಟದ ಸುಖಕ್ಕೆ ಕಾರ್ಟ್ರಿಜ್ಜೇ ಸರಿ. 2001ರಲ್ಲಿ ಎಸ್‌ಎನ್‌ಕೆ ದಿವಾಳಿಯಾಯಿತು, ಆದರೂ ಹೊಸ ಆಟಗಳು 2004ರ ತನಕ ಬಂದವು.

ಇನ್ನು ನಮ್ಮೂರ ಕಥೆ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಮಡಿಕೇರಿ, ಭಾಗಮಂಡಲ ಕಡೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಕಾರ್ಟ್ರಿಜ್ ಯಾವ ಲೆಕ್ಕ? ಪ್ರತಿ ಕಾರ್ಟ್ರಿಜ್‌ನಲ್ಲಿ ಎರಡು ಬೋರ್ಡ್ ಇರುತ್ತವೆ, ತೊಂದರೆ ಎಲ್ಲಿದೆ ಅಂತ ಪರದೆ ನೋಡಿಯೇ ಊಹಿಸಬಹುದು. ಚಿತ್ರ ಚೂರುಚೂರಾಗಿದ್ದರೆ 'ಸಿಎಚ್‌ಎ' ಬೋರ್ಡ್ ಅಂಚು ನೋಡಿ; ಚಿತ್ರದ ಚಿಪ್ಪುಗಳು ಅಲ್ಲಿವೆ. ಸಂಗೀತದ ಪ್ರೋಗ್ರಾಮೂ ಅಲ್ಲೇ. ಆಟ ಶುರುವಾಗದೆ ಟಿಕ್ ಟಿಕ್ ಅಂತ ರೀಸೆಟ್ ಆಗುತ್ತಿದ್ದರೆ, ಅಥವಾ ಮಾತು, ಕೂಗು ಮಾತ್ರ ಕೇಳದಿದ್ದರೆ, 'ಪ್ರೋಗ್' ಬೋರ್ಡ್.

ಆ ಅಂಚು ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಇಯರ್‌ಬಡ್. ಬಡ್ ಕಪ್ಪಾಗುವುದು ನಿಲ್ಲುವ ತನಕ ಬದಲಿಸಿ, ಅರ್ಧ ಗಂಟೆ ಆರಲು ಬಿಡಿ. ಮರಳು ಕಾಗದ ಮಾತ್ರ ಮುಟ್ಟಬೇಡಿ, ಚಿನ್ನದ ಲೇಪ ಹೋದರೆ ಮರಳಿ ಬರುವುದಿಲ್ಲ.

ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ, ಹೊಗೆಯ ಜಿಡ್ಡು ಕನೆಕ್ಟರ್ ಮೇಲೆ ಕೂರುತ್ತೆ. ರಬ್ಬರ್ ಅಂಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಹರಳು ಗುಲಾಬಿಯಾದರೆ ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿ, ಮತ್ತೆ ಬಳಸಬಹುದು.

ಕರೆಂಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜಪಾನಿನ ಅಡಾಪ್ಟರ್ 100 ವೋಲ್ಟ್‌ನದು, 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತೆ. ಕನ್ಸೋಲಿನ ತಳದ ಲೇಬಲ್ ಓದಿ: ಹಳೆಯ ಕೆಲವು ಎಇಎಸ್‌ಗೆ 5 ವೋಲ್ಟ್, ಆಮೇಲಿನವಕ್ಕೆ 9. ಐದರದ್ದರ ಒಳಗೆ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಇಲ್ಲ, ಅದಕ್ಕೆ 9 ಕೊಟ್ಟರೆ ಅಷ್ಟೂ ಚಿಪ್ಪುಗಳಿಗೇ ಹೋಗುತ್ತೆ. ಏಪ್ರಿಲ್–ಮೇ ಗುಡುಗಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಟಿವಿಗೆ ಹೋಗುವ ವೈರನ್ನೂ ಬಿಚ್ಚಿಡಿ, ಕೇಬಲ್ ಲೈನಿನಿಂದ ಟಿವಿಗೆ ಬಂದ ಸಿಡಿಲು ಆ ವೈರಲ್ಲೇ ಕನ್ಸೋಲಿಗೂ ಇಳಿಯುತ್ತೆ.